ನಾಯಕ್ಕನ ಮರಿ ಮತ್ತು ಗೊರಕೆ ಹೊಡೆಯುವ ಕುರಿ

ಕುರಿಹಿಂಡು ಕಾಯುವ ನಾಯಿಗಳನ್ನು ಸಾಕಿ ಬೆಳೆಸಿ ಕೊಡುವುದು ಅವಳ ಕಸುಬು. ‘ನಾಯಿ ಅಕ್ಕ’ ಅನ್ನುವುದು ಜನರ ಬಾಯಲ್ಲಿ ಸವೆದು ‘ನಾಯಕ್ಕ’ ಆಗಿತ್ತು. ಊರಿಗೆ ಹೊಸದಾಗಿ ಬಂದ ಒಬ್ಬಾತ ಈ ಹೆಸರು ಕೇಳಿ ಯಾರೋ ದೊಡ್ಡ ನಾಯಕಿ ಇರಬೇಕೆಂದುಕೊಂಡು, ತನ್ನ ಬೀದಿಯ ದೀಪ ಕೆಟ್ಟಿದೆಯೆಂದು ದೂರು ಹೇಳಲು ಬಂದಿದ್ದ. ನಾಯಕ್ಕ ಅವನನ್ನು ಕೂರಿಸಿ ಪೂರ್ತಿ ಕೇಳಿಸಿಕೊಂಡಳು. ದೀಪದ ವಿಷಯ ತನಗೆ ತಿಳಿಯದೆಂದು ಹೇಳಿ, ತಿಳಿದ ವಿಷಯ ಶುರು ಮಾಡಿದಳು. ಅವನು ಎದ್ದು ಹೋಗುವ ಹೊತ್ತಿಗೆ, ಮನೆಯಲ್ಲಿ ಒಂದು ಕುರಿಯೂ ಇಲ್ಲದ ಆ ಮನುಷ್ಯನಿಗೆ ಕಾವಲು ಮರಿಯನ್ನು ಆರಿಸುವ ವಿದ್ಯೆ ಮುಕ್ಕಾಲು ಪಾಲು ಬಂದುಬಿಟ್ಟಿತ್ತು.

ಆ ವಿದ್ಯೆಯಲ್ಲಿ ಗುಟ್ಟೇನೂ ಇರಲಿಲ್ಲ. ನಾಯಿಮರಿಗಳು ಹುಟ್ಟುವುದೇ ಕುರಿದೊಡ್ಡಿಯ ಮೂಲೆಯಲ್ಲಿ. ಕಣ್ಣು ಬಿಟ್ಟು ಓಡಾಡುವ ಹೊತ್ತಿಗೆ ಅವುಗಳ ಮೂಗಿಗೆ ಕುರಿಯ ವಾಸನೆ, ಕಿವಿಗೆ ಕುರಿಯ ಕೂಗು, ಬೆನ್ನಿಗೆ ಕುರಿಯ ಉಣ್ಣೆ. ಆ ವಯಸ್ಸಿನಲ್ಲಿ ಯಾರ ಪಕ್ಕ ಮಲಗಿ ಬೆಳೆಯುತ್ತವೋ ಅವರೇ ತಮ್ಮವರು ಎಂದು ಮರಿಗಳು ನಂಬುತ್ತವೆ, ಆಮೇಲೆ ಜೀವ ಇರುವತನಕ ಅವರನ್ನೇ ಕಾಯುತ್ತವೆ. ಅದಕ್ಕೇ ನಾಯಕ್ಕನ ಮನೆಯಲ್ಲಿ ಮರಿಗಳನ್ನು ಮಡಿಲಿಗೆ ಎತ್ತಿಕೊಳ್ಳುವಂತಿಲ್ಲ, ಮುದ್ದು ಮಾಡುವಂತಿಲ್ಲ. ಬಂದವರ ಕೈ ನೆಕ್ಕಿ ಬಾಲ ಅಲ್ಲಾಡಿಸುವ ಮರಿಯನ್ನು ಎಲ್ಲರೂ ಮೆಚ್ಚುತ್ತಿದ್ದರು. ನಾಯಕ್ಕ ಮಾತ್ರ ಅಂಥದ್ದನ್ನು ಮನೆ ಕಾಯಲು ಕೊಡುತ್ತಿದ್ದಳು. ಕುರಿಯ ಬಾಲ ಎಳೆಯುವ ಮರಿ ಅವಳ ಲೆಕ್ಕಕ್ಕೇ ಇಲ್ಲ. ಮುದಿ ಕುರಿಯ ಮುಂದೆ ತಲೆ ತಗ್ಗಿಸಿ ಮೆಲ್ಲಗೆ ಹೋಗಿ, ಅದರ ಗಲ್ಲ ನೆಕ್ಕಿ, ಪಕ್ಕದಲ್ಲಿ ತೆಪ್ಪಗೆ ಮಲಗುವ ಮರಿ ಸಿಕ್ಕರೆ ಅವಳ ಮುಖ ಅರಳುತ್ತಿತ್ತು.

ಒಂದು ಸಲ ಅಂಥ ಮರಿ ಹುಟ್ಟಿತು. ಬೆಳ್ಳಗೆ, ಒಂದು ಕಿವಿ ಮಾತ್ರ ಕಂದು. ಅದು ನಡೆಯಲು ಕಲಿತ ವಾರದಲ್ಲೇ ನಾಯಕ್ಕ ನೀರಿನ ತೊಟ್ಟಿಯ ಬಳಿ ಜಾರಿ ಬಿದ್ದು ಪಾದ ಉಳುಕಿಸಿಕೊಂಡಳು. ಕಾಲು ನೆಲಕ್ಕೆ ಊರಲೇಬಾರದು ಎಂದರು ಡಾಕ್ಟರು. ದೊಡ್ಡಿ ಕಾಣುವ ಕಿಟಕಿಯ ಪಕ್ಕಕ್ಕೆ ಮಂಚ ಎಳೆಸಿಕೊಂಡು, ದಿಂಬಿನ ಮೇಲೆ ಕಾಲಿಟ್ಟು ಅವಳು ಮಲಗಿದಳು.

ಕುರಿಗಳಿಗೆ ಮೇವು ಹಾಕುವವರು ಯಾರು ಎಂಬ ಚಿಂತೆಯಲ್ಲಿ ಅವಳಿದ್ದಾಗ ಅವಳ ತಮ್ಮ ಬಂದ. ಅವನು ಪೇಟೆಯಲ್ಲಿ ಟೈಲರ್. ಅಕ್ಕನಿಗೆ ಸಹಾಯ ಮಾಡಲು ಬಂದೆ ಅಂದ. ನಿಜ ಬೇರೆ ಇತ್ತು. ಗಿರಾಕಿಯೊಬ್ಬರ ಅಂಗಿಗೆ ಬಟ್ಟೆ ಸಾಲದೆ ಬಂದಾಗ ಅವನು ಮನೆಯ ಹೊಸ ಪರದೆಯ ಒಂದು ಪಾಲನ್ನು ಕತ್ತರಿಸಿ ತೋಳು ಹೊಲಿದಿದ್ದ. ಯಾರಿಗೂ ಗೊತ್ತಾಗುತ್ತಿರಲಿಲ್ಲವೇನೋ. ಆದರೆ ಆ ಗಿರಾಕಿ ಅದೇ ಅಂಗಿ ತೊಟ್ಟು ಅವನ ಮನೆಗೇ ಬಂದು, ಉಳಿದ ಪರದೆಯ ಪಕ್ಕದಲ್ಲೇ ನಿಂತು, ಹೊಲಿಗೆ ಚೆನ್ನಾಗಿದೆಯೆಂದು ಹೇಳಿ ಹೋದರು. ಗಿರಾಕಿ ಗೇಟು ದಾಟುವತನಕ ಟೈಲರ್‌ನ ಹೆಂಡತಿ ನಗುನಗುತ್ತಾ ಇದ್ದಳು. ಆಮೇಲೆ ಗಂಡನಿಗೆ ಬಾಗಿಲು ತೋರಿಸಿದಳು.

ನಾಯಕ್ಕ ತಮ್ಮನಿಗೆ ಒಂದೇ ಒಂದು ಮಾತು ಹೇಳಿದಳು: ಕುರಿಗಳಿಗೆ ಮೇವು ಹಾಕು, ನೀರಿಡು, ಕಸ ಗುಡಿಸು, ಮರಿಗಳನ್ನು ಮಾತ್ರ ಮುಟ್ಟಬೇಡ. ತಮ್ಮ ಅದನ್ನು ಚಾಚೂ ತಪ್ಪದೆ ಪಾಲಿಸಿದ.

ಕಿಟಕಿಯಿಂದ ನಾಯಕ್ಕ ದಿನವಿಡೀ ದೊಡ್ಡಿಯನ್ನೇ ನೋಡುತ್ತಿದ್ದಳು. ಕನ್ನಡಕ ತೊಟ್ಟಿಯ ಬಳಿ ಬಿದ್ದಾಗಲೇ ಒಡೆದಿದ್ದರಿಂದ ಎಲ್ಲ ಸ್ವಲ್ಪ ಮಬ್ಬುಮಬ್ಬಾಗಿತ್ತು. ಆದರೂ ಕಂದು ಕಿವಿಯ ಮರಿಯ ನಡತೆ ಅವಳಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ದೊಡ್ಡಿಯ ಹುಲ್ಲಿನ ರಾಶಿಯಲ್ಲಿ ಒಂದು ದಪ್ಪ ಬೂದುಬಣ್ಣದ ಕುರಿ ಮಲಗಿರುತ್ತಿತ್ತು. ಅದಕ್ಕೆ ಮೈಯಲ್ಲಿ ಹುಷಾರಿಲ್ಲವೋ ಏನೋ, ಮಧ್ಯಾಹ್ನವೆಲ್ಲ ಏಳುತ್ತಲೇ ಇರಲಿಲ್ಲ. ಮರಿ ಅದರ ಹತ್ತಿರ ತಲೆ ತಗ್ಗಿಸಿ ಹೋಗುತ್ತಿತ್ತು, ಗಲ್ಲ ನೆಕ್ಕುತ್ತಿತ್ತು, ಬೆನ್ನಿಗೆ ಬೆನ್ನು ಕೊಟ್ಟು ಮಲಗುತ್ತಿತ್ತು. ಉಳಿದ ಮರಿಗಳು ಆಟಕ್ಕೆ ಕರೆದರೂ ಕದಲುತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಇಂಥ ಮರಿಯನ್ನು ನೋಡಿಲ್ಲವೆಂದು ನಾಯಕ್ಕ ಹಾಸಿಗೆಯಲ್ಲೇ ಕಣ್ಣೊರೆಸಿಕೊಂಡಳು.

ಮರಿ ಕೇಳಿಕೊಂಡು ಬಂದವರು ಗುಡ್ಡದ ಮೇಲೆ ಕುರಿ ಸಾಕುತ್ತಿದ್ದ ನಿವೃತ್ತ ಡ್ರಿಲ್ ಮೇಷ್ಟ್ರು. ಶಾಲೆ ಬಿಟ್ಟರೂ ಕೊರಳಿನ ಸೀಟಿ ಬಿಟ್ಟಿರಲಿಲ್ಲ. ಕುರಿಗಳು ಸಾಲಾಗಿ ನಡೆಯುವುದಿಲ್ಲ ಎಂಬುದು ಅವರ ಬಾಳಿನ ಒಂದೇ ಕೊರಗು. ನಾಯಕ್ಕ ಅವರನ್ನು ಕಿಟಕಿಯ ಬಳಿ ಕರೆದು ತೋರಿಸಿದಳು. ಮೇಷ್ಟ್ರು ಕಣ್ಣು ಕಿರಿದು ಮಾಡಿ ತುಂಬ ಹೊತ್ತು ನೋಡಿದರು.

“ಆ ಕುರಿ ಗೊರಕೆ ಹೊಡೀತಿದೆಯಲ್ಲ?” ಅಂದರು.

“ವಯಸ್ಸಾಗಿದೆ ಪಾಪ,” ಅಂದಳು ನಾಯಕ್ಕ. “ನೀವು ಕುರಿ ನೋಡ್ಬೇಡಿ ಮೇಷ್ಟ್ರೇ, ಮರಿ ನೋಡಿ.”

ಮೇಷ್ಟ್ರು ಮರಿ ನೋಡಿದರು, ಒಪ್ಪಿದರು. ತಾಯಿಯ ಹಾಲು ಬಿಟ್ಟು ಗಟ್ಟಿ ಆಹಾರಕ್ಕೆ ಹೊಂದಿಕೊಂಡ ಮೇಲೆ ಅದನ್ನು ಬುಟ್ಟಿಯಲ್ಲಿಟ್ಟುಕೊಂಡು ಗುಡ್ಡಕ್ಕೆ ಹೋದರು.

ಒಂದು ವಾರಕ್ಕೆ ಮರಿಯ ಬುಟ್ಟಿ ಹೊತ್ತು ವಾಪಸ್ಸು ಬಂದರು. ಮುಖ ಇಳಿದಿತ್ತು. ಮರಿ ಊಟ ಮಾಡುತ್ತದೆ, ಮಲಗುತ್ತದೆ, ಆದರೆ ಕುರಿಗಳ ಕಡೆ ಕತ್ತು ಕೂಡ ತಿರುಗಿಸುವುದಿಲ್ಲ, ಗೇಟಿನ ಬಳಿ ಕುಳಿತು ರಸ್ತೆ ನೋಡುತ್ತದೆ ಎಂದರು. ಸೀಟಿ ಊದಿ ನೋಡಿದೆ, ಕುರಿಗಳೇ ಹೆದರಿ ಓಡಿದವು ಎಂದೂ ಸೇರಿಸಿದರು. ನಾಯಕ್ಕ ಅಷ್ಟು ಹೊತ್ತಿಗೆ ಕೋಲೂರಿಕೊಂಡು ನಡೆಯುತ್ತಿದ್ದಳು, ಹೊಸ ಕನ್ನಡಕವೂ ಬಂದಿತ್ತು. ಬಹುಶಃ ಆ ದಪ್ಪ ಕುರಿಯ ನೆನಪಾಗಿರಬೇಕು, ಅದನ್ನೂ ಜೊತೆಗೆ ಕಳಿಸುತ್ತೇನೆ ಎಂದಳು.

ಆದರೆ ಬುಟ್ಟಿ ಇಳಿಸಿದ್ದೇ ತಡ, ಮರಿ ಅಷ್ಟೂ ಕುರಿಗಳ ನಡುವೆ ನುಗ್ಗಿ, ದೊಡ್ಡಿ ದಾಟಿ, ಹಿಂದಿನ ಜಗಲಿಯಲ್ಲಿ ಕುಳಿತು ಗುಂಡಿ ಹೊಲಿಯುತ್ತಿದ್ದ ಟೈಲರ್ ತಮ್ಮನ ಮುಂದೆ ನಿಂತಿತು. ತಲೆ ತಗ್ಗಿಸಿತು. ಮೆಲ್ಲಗೆ ಹೋಗಿ ಅವನ ಗಲ್ಲ ನೆಕ್ಕಿತು. ಆಮೇಲೆ ಅವನ ಬೆನ್ನಿಗೆ ಬೆನ್ನು ಕೊಟ್ಟು ಮಲಗಿ, ಹತ್ತಿರ ಬಂದ ಮೇಷ್ಟ್ರನ್ನು ನೋಡಿ ಗುರ್ ಎಂದಿತು.

ನಾಯಕ್ಕ ತಮ್ಮನನ್ನು ನೋಡಿದಳು. ಅವನ ಹೆಗಲ ಮೇಲಿದ್ದ ಬೂದುಬಣ್ಣದ ಕಂಬಳಿಯನ್ನು ನೋಡಿದಳು.

“ಲೋ, ಮಧ್ಯಾಹ್ನ ಎಲ್ಲಿ ಮಲಗ್ತಿದ್ದೆ ನೀನು?”

“ಹುಲ್ಲಲ್ಲಿ. ಅಲ್ಲಿ ಬೆಚ್ಚಗಿರುತ್ತೆ.”

“ಮರೀನ ಮುಟ್ಟಬೇಡ ಅಂದಿದ್ನಲ್ಲೋ.”

“ನಾನು ಮುಟ್ಟಲಿಲ್ಲ ಅಕ್ಕ, ಅದೇ ನನ್ನನ್ನ ಮುಟ್ಟಿದ್ದು.”

“ನಿನ್ನನ್ನ ಕುರಿ ಅಂತ ನಂಬಿಬಿಟ್ಟಿದೆಯಲ್ಲೋ ಅದು.”

“ನೀನೂ ನಂಬಿದ್ದೆಯಲ್ಲ,” ಅಂದ ತಮ್ಮ.

ನಾಯಕ್ಕ ಹೊಸ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡಳು. ಗೊರಕೆಯ ವಿಷಯವನ್ನು ಮೊದಲು ಎತ್ತಿದ್ದು ತಾವೇ ಎಂದು ಮೇಷ್ಟ್ರು ನೆನಪಿಸಲಿಲ್ಲ, ಅದು ಅವರ ದೊಡ್ಡತನ.

ಅದೇ ಸಂಜೆ ಟೈಲರ್‌ನ ಹೆಂಡತಿ ಗಂಡನನ್ನು ಕ್ಷಮಿಸೋಣವೆಂದು ಬಂದಳು. ಮರಿ ಕ್ಷಮಿಸಲು ಬಿಡಲಿಲ್ಲ. ಅವಳು ಹತ್ತಿರ ಹೆಜ್ಜೆ ಇಟ್ಟರೆ ಬೊಗಳುತ್ತಿತ್ತು, ಹಿಂದೆ ಸರಿದರೆ ಸುಮ್ಮನಾಗುತ್ತಿತ್ತು. ಕೊನೆಗೆ ಅವಳು ಗೇಟಿನಾಚೆ ನಿಂತು, ಅವನು ಜಗಲಿಯಲ್ಲಿ ನಿಂತು, ಅಕ್ಕಪಕ್ಕದ ಮನೆಯವರೆಲ್ಲ ಗೋಡೆಯ ಮೇಲೆ ಗಲ್ಲ ಊರಿ ನೋಡುತ್ತಿರುವಾಗ, ಗಂಡಹೆಂಡತಿ ಕೂಗಿ ಕೂಗಿ ರಾಜಿಯಾದರು. ಪರದೆ ಹೊಸದು ತರುತ್ತೇನೆ ಎಂದು ಅವನು ಮೂರು ಸಲ ಕೂಗಬೇಕಾಯಿತು. ಎರಡು ಸಲ ಅವಳಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಿದರೂ ಕೇಳಿಸಲಿಲ್ಲ ಅಂದಳು.

ಆದರೂ ಅವನು ಮನೆಗೆ ಹೋಗುವ ಹಾಗಿರಲಿಲ್ಲ. ಕೆಡಿಸಿದವನೇ ಸರಿ ಮಾಡಬೇಕು ಎಂದು ನಾಯಕ್ಕ ತೀರ್ಮಾನಿಸಿದ್ದಳು. ಮರಿ ತಮ್ಮನನ್ನು ಬಿಡುವುದಿಲ್ಲ ಎಂದಾದರೆ ತಮ್ಮನೇ ಮಂದೆಗೆ ಸೇರಲಿ, ಅವನ ಜೊತೆ ಇರುವವರೆಲ್ಲ ತನ್ನವರೆಂದು ಮರಿ ಮೆಲ್ಲಗೆ ತಿಳಿದುಕೊಳ್ಳಲಿ. ಹೀಗೆ ಟೈಲರ್ ತನ್ನ ಹೊಲಿಗೆ ಯಂತ್ರದ ಸಮೇತ ಗುಡ್ಡ ಹತ್ತಿದ. ಮೇಷ್ಟ್ರ ದೊಡ್ಡಿಯ ನಡುವೆ ಯಂತ್ರ ಇಟ್ಟು, ಕಂಬಳಿ ಹೊದ್ದು, ಕುರಿಗಳ ನಡುವೆ ಕುಳಿತು ಶಾಲೆಯ ಸಮವಸ್ತ್ರಗಳನ್ನು ಹೊಲಿದ. ಕುರಿಗಳು ಒಂದು ಚಡ್ಡಿಯನ್ನೂ ಎರಡು ಕಾಲರ್‌ಗಳನ್ನೂ ತಿಂದವು. ಗಿರಾಕಿಗಳು ಅಳತೆ ಕೊಡಲು ಗುಡ್ಡ ಹತ್ತಿ ಬಂದರೆ ಮರಿ ಬಿಡುತ್ತಿರಲಿಲ್ಲ, ಬೇಲಿಯಾಚೆ ನಿಂತು ತಾವೇ ಸೊಂಟ ಅಳೆದುಕೊಂಡು ಕೂಗಿ ಹೇಳಬೇಕಿತ್ತು. ಎಲ್ಲರೂ ನಾಲ್ಕು ಬೆರಳು ಕಡಿಮೆಯೇ ಹೇಳಿದರು. ಆ ವರ್ಷ ಊರಿನಲ್ಲಿ ಯಾರ ಪ್ಯಾಂಟಿಗೂ ಗುಂಡಿ ಹಾಕಲು ಆಗಲಿಲ್ಲ.

ವಾರಕ್ಕೊಮ್ಮೆ ನಾಯಕ್ಕ ಬಂದು ನೋಡುತ್ತಿದ್ದಳು. ಮೊದಮೊದಲು ಮರಿ ತಮ್ಮನ ಕಾಲಿಗೇ ಅಂಟಿಕೊಂಡಿತ್ತು. ಆಮೇಲೆ ಯಂತ್ರಕ್ಕೂ ಕುರಿಗಳಿಗೂ ನಡುವೆ ಮಲಗತೊಡಗಿತು. ಅವಳು ಯಂತ್ರವನ್ನು ಪ್ರತಿ ಸಲ ಒಂದಿಷ್ಟು ಬೇಲಿಯ ಕಡೆಗೆ ಸರಿಸಿ ಹೋಗುತ್ತಿದ್ದಳು.

ಒಂದು ಬೆಳಿಗ್ಗೆ ಕುರಿಯೊಂದು ಈದಿತು. ಒದ್ದೆಯಾದ ಕಂದ ಏಳಲಾರದೆ ಮುಗ್ಗರಿಸುತ್ತಿತ್ತು. ಕಂದು ಕಿವಿಯ ಮರಿ ಎದ್ದು, ತಲೆ ತಗ್ಗಿಸಿ, ತಾಯಿ ಕುರಿಯ ಅಪ್ಪಣೆ ಕೇಳುವ ಹಾಗೆ ಸ್ವಲ್ಪ ನಿಂತು, ಹತ್ತಿರ ಹೋಗಿ ಮಲಗಿತು. ಟೈಲರ್ ಮಧ್ಯಾಹ್ನ ಊಟಕ್ಕೆ ಎದ್ದಾಗ ಅದು ಏಳಲಿಲ್ಲ. ಅವನು ಕರೆದ. ಬರಲಿಲ್ಲ. ಕಂಬಳಿ ಹೊದ್ದು ತೋರಿಸಿದ, ಹುಲ್ಲಲ್ಲಿ ಮಲಗಿ ತೋರಿಸಿದ, ಯಾರೂ ನೋಡುತ್ತಿಲ್ಲವೆಂದು ಖಚಿತ ಮಾಡಿಕೊಂಡು ಮೆಲ್ಲಗೆ ಬ್ಯಾ ಎಂದೂ ನೋಡಿದ. ಬಾಗಿಲ ಸಂದಿಯಿಂದ ನೋಡುತ್ತಿದ್ದ ಮೇಷ್ಟ್ರು ನಗು ತಡೆಯಲಾರದೆ ಸೀಟಿ ಕಚ್ಚಿಕೊಂಡರು, ಅದು ಪೀ ಎಂದಿತು.

ಟೈಲರ್ ಸಂಜೆಗೇ ಗಂಟುಮೂಟೆ ಕಟ್ಟಿ ಮನೆಗೆ ಹೋದ. ಹೆಂಡತಿ ಎರಡು ದಿನ ಅವನನ್ನು ಸಮಾಧಾನ ಮಾಡಬೇಕಾಯಿತು.

“ನಾನಿದ್ದೀನಲ್ಲ,” ಅಂದಳಂತೆ.

“ನೀನು ಗಲ್ಲ ನೆಕ್ಕಲ್ಲ,” ಅಂದನಂತೆ.

ತಿಂಗಳುಗಳು ಕಳೆದ ಮೇಲೆ ಮೇಷ್ಟ್ರ ಹೊಸ ಕೋಟು ಕೊಡಲು ಅವನು ಗುಡ್ಡಕ್ಕೆ ಹೋದ. ಮರಿ ಈಗ ಮರಿಯಾಗಿರಲಿಲ್ಲ. ಬೇಲಿಯ ಬಳಿ ಬಂದು, ಅವನನ್ನು ಮೂಸಿ, ಬಾಲವನ್ನು ಒಂದೇ ಒಂದು ಸಲ ಅಲ್ಲಾಡಿಸಿ, ಆಮೇಲೆ ಊರಿಗೆಲ್ಲ ಕೇಳಿಸುವ ಹಾಗೆ ಬೊಗಳಿತು. ಒಳಗೆ ಬಿಡಲಿಲ್ಲ. ಕೋಟನ್ನು ಬೇಲಿಯ ಮೇಲಿಂದ ಎಸೆದು ಬರಬೇಕಾಯಿತು. ಅರ್ಧ ಅವಮಾನ, ಅರ್ಧ ಹೆಮ್ಮೆಯಿಂದ ಅವನು ನೇರವಾಗಿ ಅಕ್ಕನ ಮನೆಗೆ ಬಂದು ವರದಿ ಒಪ್ಪಿಸಿದ.

ನಾಯಕ್ಕ ಗುಡಿಸುತ್ತಿದ್ದ ಪೊರಕೆಯನ್ನು ಗೋಡೆಗೆ ಒರಗಿಸಿದಳು. “ಹೇಗೆ ಬೊಗಳಿತು? ಬೊಗಳಿ ತೋರಿಸು,” ಅಂದಳು.

ಟೈಲರ್ ಗಂಟಲು ಸರಿ ಮಾಡಿಕೊಂಡು ಬೊಗಳಿದ. ದೊಡ್ಡಿಯ ಕುರಿಗಳೆಲ್ಲ ಮೇಯುವುದು ಬಿಟ್ಟು ತಲೆ ಎತ್ತಿದವು.

“ಇಷ್ಟೇ ಗಟ್ಟಿಯಾಗೇ?”

“ಇದಕ್ಕಿಂತ ಗಟ್ಟಿ.”

“ಹಾಗಾದ್ರೆ ಸರಿಯಾಗಿ ಬೊಗಳೋ,” ಅಂದಳು ನಾಯಕ್ಕ. ಸಂತೋಷ ತಡೆಯಲಾರದೆ ಅವಳು ತಮ್ಮನಿಂದ ಇನ್ನೂ ಮೂರ್ನಾಲ್ಕು ಸಲ ಬೊಗಳಿಸಿದಳು.