ಮೊದಲು ಕಾಲು, ಆಮೇಲೆ ಕೈ

ನಮ್ಮ ಪಿಯಾನೋ ಟೀಚರ್ ಬರಿಗಾಲನ್ನು ಹಿತ್ತಾಳೆಯ ಪೆಡಲ್ ಮೇಲೆ ಇಟ್ಟರೆ ‘ಟಿಕ್’ ಎಂದು ಒಂದು ಸಣ್ಣ ಸದ್ದಾಗುತ್ತಿತ್ತು. ಕಾಲುಂಗುರ ಲೋಹಕ್ಕೆ ತಾಗಿದ ಸದ್ದು. ವರ್ಷಾನುಗಟ್ಟಲೆ ತಾಗಿ ತಾಗಿ ಪೆಡಲಿನ ಅಂಚಿನಲ್ಲಿ ಹೊಳೆಯುವ ಗೀರೊಂದು ಬಿದ್ದಿತ್ತು. ಯಜಮಾನರು ತೀರಿಕೊಂಡ ಮೇಲೆ ಓಣಿಯ ಹೆಂಗಸರು ಆ ಕಾಲುಂಗುರದ ಮಾತು ತೆಗೆದಾಗ, ‘ಇದನ್ನ ತೆಗೆದ್ರೆ ನನ್ನ ಕಾಲಿನ ತೂಕ ತಪ್ತೈತೆ. ನೀವು ಬಂದು ಪೆಡಲ್ ಒತ್ತತೀರೇನು?’ ಎಂದು ಕೇಳಿ ಎಲ್ಲರ ಬಾಯಿ ಮುಚ್ಚಿಸಿದ್ದರು.

ಹರಿಹರದಲ್ಲಿ ಹೊಳೆಯ ಕಡೆಗಿನ ಓಣಿಯಲ್ಲಿ ಅವರ ಮನೆ. ಶಾಲೆಯೊಂದರಲ್ಲಿ ಸಂಗೀತ ಕಲಿಸಿ ನಿವೃತ್ತರಾಗುವಾಗ, ಅಲ್ಲಿ ಯಾರಿಗೂ ಬೇಡವಾಗಿದ್ದ ಹಳೇ ಪಿಯಾನೋವನ್ನು ಕೇಳಿ ಪಡೆದು ಟ್ರ್ಯಾಕ್ಟರಿನಲ್ಲಿ ಹೇರಿಸಿಕೊಂಡು ಬಂದಿದ್ದರಂತೆ. ನಾನು ದಾವಣಗೆರೆಯವಳು. ಅಪ್ಪನದು ಕರೂರು ಕೈಗಾರಿಕಾ ಪ್ರದೇಶದಲ್ಲಿ ನಟ್ಟು-ಬೋಲ್ಟು ಮಾಡುವ ಸಣ್ಣ ಕಾರ್ಖಾನೆ. ಮಗಳು ಹಟ ಹಿಡಿದಳೆಂದು ಡಿಜಿಟಲ್ ಪಿಯಾನೋ ತಂದುಕೊಟ್ಟಿದ್ದರು. ಮೊಬೈಲ್ ನೋಡಿಕೊಂಡೇ ಕಲಿತು, ನೆಂಟರ ಮುಂದೆ ನುಡಿಸಿ ಭೇಷ್ ಅನ್ನಿಸಿಕೊಂಡಿದ್ದೆ. ಇನ್ನು ಚೂರುಪಾರು ತಿದ್ದಿಸಿಕೊಂಡರೆ ಸಾಕು ಎಂಬ ಠೀವಿಯಲ್ಲೇ ಹರಿಹರದ ಬಸ್ಸು ಹತ್ತಿದೆ.

ಮೊದಲ ದಿನವೇ ಠೀವಿ ಇಳಿಯಿತು. ನಮ್ಮ ಮನೆಯ ಪೆಡಲ್ ಅಂದರೆ ವೈರಿನ ತುದಿಗೆ ಒಂದು ಸ್ವಿಚ್ಚು, ಅಷ್ಟೇ. ಒತ್ತಿದರೆ ಸ್ವರ ಮೊಳಗುತ್ತಲೇ ಇರುತ್ತದೆ, ಬಿಟ್ಟರೆ ತಟ್ಟನೆ ಅಡಗುತ್ತದೆ. ನಡುವೆ ಏನೂ ಇಲ್ಲ. ಅವರ ಪಿಯಾನೋದಲ್ಲಿ ಪೆಡಲ್ ಒತ್ತಿದರೆ ತಂತಿಗಳನ್ನು ಅದುಮಿ ಹಿಡಿದ ಉಣ್ಣೆಯ ಮೆತ್ತೆಗಳೆಲ್ಲ ಒಟ್ಟಿಗೆ ದೂರ ಸರಿಯುತ್ತಿದ್ದವು. ಬಾರಿಸಿದ ತಂತಿಯ ಜೊತೆ ಬಾರಿಸದ ತಂತಿಗಳೂ ಗುಂಯ್‌ಗುಡುತ್ತಿದ್ದವು. ನಾನು ಮನೆಯ ರೂಢಿಯಂತೆ ಕಾಲೂರಿ ತುಳಿದೆ. ಸ್ವರಗಳೆಲ್ಲ ಒಂದರ ಮೇಲೊಂದು ಬಿದ್ದು ಗದ್ದಲವೋ ಗದ್ದಲ.

‘ಏ ತಾಯಿ, ಹಿಟ್ಟು ಕಲಸಿದಂಗೆ ಕಲಸಿಬಿಟ್ಟೆಲ್ಲ!’ ಎಂದು ಟೀಚರ್ ನಕ್ಕರು. ‘ಬಂದೋರನ್ನ ಕೂಡ್ರಿಸ್ಬೇಕು, ಹೋಗೋರನ್ನ ಕಳಿಸ್ಬೇಕು. ಎಲ್ಲಾರನ್ನೂ ಒಳಗೆ ಹಾಕ್ಕೊಂಡು ಬಾಗ್ಲು ಹಾಕಿದ್ರೆ ಹೆಂಗೆ?’

ಅಲ್ಲಿಂದ ಬಹಳ ದಿನ ನನ್ನ ಕೈಗಿಂತ ಕಾಲಿಗೇ ಪಾಠ ಹೆಚ್ಚು. ಹಿಮ್ಮಡಿ ನೆಲ ಬಿಡಬಾರದು. ಬೆರಳು ಹೊಸ ಸ್ವರ ಒತ್ತುವಾಗ ಪಾದ ಏಳಬೇಕು, ಸ್ವರ ಹುಟ್ಟಿದ ಮೇಲೆ ಮತ್ತೆ ಇಳಿಯಬೇಕು. ಪೂರ್ತಿ ಇಳಿಯಬೇಕೋ ಅರ್ಧಕ್ಕೆ ನಿಲ್ಲಬೇಕೋ ಎಂಬುದನ್ನು ಕಿವಿಯೇ ಕಾಲಿಗೆ ಹೇಳಬೇಕು. ದಾವಣಗೆರೆಯಿಂದ ಮಂಡಕ್ಕಿ-ಮೆಣಸಿನಕಾಯಿ ಕಟ್ಟಿಸಿಕೊಂಡು ಹೋದರೆ ಸಂಭ್ರಮದಿಂದ ತಿನ್ನುತ್ತಿದ್ದರು, ಆದರೆ ಸೋಪು ಹಚ್ಚಿ ತೊಳೆಯದ ಕೈಯನ್ನು ಪಿಯಾನೋ ಹತ್ತಿರ ಸುಳಿಯಲು ಬಿಡುತ್ತಿರಲಿಲ್ಲ.

ಇನ್ನೊಂದು ಶಾಸ್ತ್ರವಿತ್ತು. ಕೂತ ಕೂಡಲೇ ಪೆಡಲನ್ನು ಪೂರ್ತಿ ಒತ್ತಿ ಹಿಡಿಯಬೇಕು, ಮುಚ್ಚಳ ತೆಗೆಯುವುದು ಆಮೇಲೆ. ಹಾಗೆ ಒತ್ತಿದಾಗ ಪೆಟ್ಟಿಗೆಯೊಳಗಿಂದ ‘ಹೂಂ’ ಎಂದು ಉಸಿರಿನಂಥ ಸದ್ದು ಬರುತ್ತಿತ್ತು. ‘ಕೇಳ್ತಾ? ಎಚ್ರ ಆತು. ಈಗ ಮಾತಾಡ್ಸು. ಮೊದ್ಲು ಕಾಲು, ಆಮೇಲೆ ಕೈ’ ಎನ್ನುತ್ತಿದ್ದರು. ಆ ಮಾತು ಕೇಳದೆ ಪಾಠ ಶುರುವಾದ ದಿನ ನನಗೆ ನೆನಪಿಲ್ಲ.

ನಾನು ಮದುವೆಯಾಗಿ, ದಾವಣಗೆರೆಯಲ್ಲಿ ನನ್ನದೇ ಪಿಯಾನೋ ಪಾಠ ಶುರುಮಾಡಿದ ಮೇಲೆ ಆ ಹಳೇ ಪಿಯಾನೋ ಕೈಕೊಟ್ಟಿತು. ತಂತಿ ಬಿಗಿಯುವ ಮರವೇ ಬಿರುಕು ಬಿಟ್ಟಿದೆ, ಇನ್ನು ಶ್ರುತಿ ನಿಲ್ಲುವುದಿಲ್ಲ ಎಂದು ರಿಪೇರಿಯವರು ಕೈಚೆಲ್ಲಿದರಂತೆ. ಗುತ್ತೂರಿನ ಹತ್ತಿರದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಮಗ ಅಮ್ಮನಿಗೆ ಡಿಜಿಟಲ್ ಪಿಯಾನೋ ತಂದರು. ಆಮೇಲೊಂದು ದಿನ ನನಗೆ ಅವರ ಫೋನು ಬಂತು.

‘ಅಮ್ಮ ಪಾಠ ಬಿಟ್ಟುಬಿಟ್ರು ರೀ. ಮಕ್ಕಳನ್ನೆಲ್ಲ ಬರಬ್ಯಾಡ್ರಿ ಅಂತ ಕಳಿಸಿದ್ರು. ಯಾಕ ಅಂದ್ರೆ ವಯಸ್ಸಾತು ಅಂತಾರೆ. ಒಮ್ಮೆ ಬಂದು ಹೋಗ್ರಿ.’

ಹೋದಾಗ ಟೀಚರ್ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದರು. ‘ನನ್ನ ಕಾಲು ಹೋತವ್ವ’ ಎಂದರು. ‘ಒತ್ತಿದ್ರೆ ಸ್ವರ ಕತ್ತರಿಸ್ತೈತೆ, ಬಿಟ್ರೆ ಎಲ್ಲಾ ಕಲಸ್ತೈತೆ. ಮಗ ಕೂತು ನೋಡಿದ್ರೆ ಸರಿ ಐತೆ ಅಂತಾನೆ. ನನ್ನ ಕಾಲು ಏಳ್ತೈತೋ ಇಳೀತೈತೋ ನನಗೇ ತಿಳಿಯಂಗಿಲ್ಲ. ಇಂಥ ಕಾಲು ಇಟ್ಕೊಂಡು ಮಕ್ಕಳಿಗೆ ಏನು ಹೇಳ್ಲಿ?’

ಅವರ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಎಂದೂ ಕೇಳಿರಲಿಲ್ಲ. ಆದರೂ ನಂಬಲಿಲ್ಲ. ಆ ಕಾಲನ್ನು ನನ್ನಷ್ಟು ಹತ್ತಿರದಿಂದ ನೋಡಿದವರು ಯಾರು?

‘ಒಮ್ಮೆ ಕೂಡ್ರಿ ಟೀಚರ್, ನಾನೂ ನೋಡ್ತೀನಿ’ ಎಂದು ಹೆಚ್ಚುಕಡಿಮೆ ಎಳೆದುಕೊಂಡೇ ಹೋದೆ. ಕೂತರು. ಟಿಕ್. ಪೆಡಲನ್ನು ಪೂರ್ತಿ ಒತ್ತಿ ಹಿಡಿದು, ತಲೆ ವಾಲಿಸಿ ಆ ಉಸಿರಿಗಾಗಿ ಕಾದರು. ಬರಲಿಲ್ಲ. ನಿಟ್ಟುಸಿರಿಟ್ಟು, ಕಾಲು ಹಾಗೇ ಇರಿಸಿಕೊಂಡು, ಕೈಚಾಚಿ ಸ್ವಿಚ್ಚು ಹಾಕಿದರು.

ನನಗೆ ನಗು ತಡೆಯಲಾಗಲಿಲ್ಲ. ಕೆಲವು ಡಿಜಿಟಲ್ ಪಿಯಾನೋಗಳು, ಸ್ವಿಚ್ಚು ಹಾಕಿದ ಗಳಿಗೆಯಲ್ಲಿ ಪೆಡಲ್ ಹೇಗಿರುತ್ತದೋ ಅದನ್ನೇ ಕಾಲು ಎತ್ತಿದ ಸ್ಥಿತಿ ಎಂದು ತಿಳಿದುಕೊಳ್ಳುತ್ತವೆ. ಒತ್ತಿ ಹಿಡಿದೇ ಸ್ವಿಚ್ಚು ಹಾಕಿದರೆ ಅಲ್ಲಿಂದ ಎಲ್ಲವೂ ಉಲ್ಟಾ. ಮೊದಲು ಸ್ವಿಚ್ಚು ಹಾಕಿ ಆಮೇಲೆ ಕಾಲಿಡುವ ಮಗನಿಗೆ ಹೀಗಾಗುವ ಪ್ರಶ್ನೆಯೇ ಇರಲಿಲ್ಲ. ನಿದ್ದೆಯಲ್ಲಿರುವ ಪಿಯಾನೋವನ್ನು ಕಾಲಿನಿಂದ ಎಬ್ಬಿಸುವವರು ಆ ಮನೆಯಲ್ಲಿ ಅವರೊಬ್ಬರೇ.

‘ನಿಮ್ಮ ಕಾಲಿಗೆ ಏನೂ ಆಗಿಲ್ರಿ. ಇದಕ್ಕೆ ಎಚ್ರ ಆಗೋ ತನಕ ಕಾಲಿಡಬ್ಯಾಡ್ರಿ, ಅಷ್ಟೇ’ ಎಂದು ಸ್ವಿಚ್ಚು ಆರಿಸಿ, ಕಾಲು ತೆಗೆಸಿ, ಮತ್ತೆ ಹಾಕಿಕೊಟ್ಟೆ. ನುಡಿಸಿದರು. ಸ್ವರಗಳು ಒಂದಕ್ಕೊಂದು ದಾರಿ ಬಿಟ್ಟುಕೊಡುತ್ತ ಸಾಗಿದವು. ಟೀಚರ್ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಮರುಕ್ಷಣವೇ ಸಿಟ್ಟು ಬಂತು. ‘ಇಷ್ಟು ದಿನ ನನ್ನ ಕಾಲನ್ನ ಬೈಕೊಂಡ್ನಲ್ಲ! ಬೈಸ್ಕೊಬೇಕಾದ್ದು ಈ ಡಬ್ಬಿ!’ ಎಂದವರೇ ಮಗನನ್ನು ಕೂಗಿ, ‘ಆ ಮಕ್ಕಳಿಗೆಲ್ಲ ನಾಳೆಯಿಂದ ಬರಾಕೆ ಹೇಳು’ ಎಂದರು.

ಅರ್ಧ ಒತ್ತುವುದು ಆ ಪೆಡಲಿಗೆ ಅರ್ಥವಾಗುವುದಿಲ್ಲ ಎಂದು ತಿಳಿದಾಗಲೂ ಅವರು ಸೋಲಲಿಲ್ಲ. ಪಾದವನ್ನು ಬೇಗ ಬೇಗ, ಸಣ್ಣಗೆ ಎತ್ತಿ ಇಳಿಸಿ, ಬೇಕಾದಷ್ಟೇ ಗುಂಗು ಉಳಿಸುವುದನ್ನು ಆ ವಯಸ್ಸಿನಲ್ಲಿ ಹೊಸದಾಗಿ ಕಲಿತರು. ‘ಹೌದು, ಇಲ್ಲ, ಎರಡೇ ಮಾತು ಬರ್ತಾವೆ ಇದಕ್ಕೆ. ಇರ್ಲಿ, ಸಣ್ಣ ಮಕ್ಕಳ ಜೊತೆ ನಾವು ಮಾತಾಡಲ್ವಾ?’ ಎಂದರು. ಈಗ ದಾವಣಗೆರೆಯಲ್ಲಿ ನಾನು ಮಕ್ಕಳಿಗೆ ಕಲಿಸುವ ಪೆಡಲ್ ಪಾಠವೆಲ್ಲ, ಹಳೇ ಪಿಯಾನೋದ್ದೊಂದು, ಈ ಡಬ್ಬಿಯದೊಂದು, ಅವರ ಈ ಎರಡು ಕಲಿಕೆಗಳಿಂದಲೇ ಬಂದದ್ದು.

ಹೋದ ಮಳೆಗಾಲದಲ್ಲಿ ಟೀಚರ್ ತೀರಿಕೊಂಡರು. ಅದರ ಹಿಂದಿನ ವಾರದವರೆಗೂ ಪಾಠ ನಡೆದಿತ್ತು. ಕಾರ್ಯಗಳೆಲ್ಲ ಮುಗಿದ ಮೇಲೆ ಮಗ, ‘ಅಮ್ಮನ ಪಿಯಾನೋ ಸುಮ್ನೆ ಕೂತೈತೆ, ಏನಾರ ನುಡಿಸ್ರಿ’ ಎಂದು ಹೇಳಿ ಒಳಕೋಣೆಗೆ ಹೋದರು. ನಾನು ಕೂತೆ. ಸ್ವಿಚ್ಚಿಗೆ ಕೈ ಚಾಚುವಾಗ ನೋಡುತ್ತೇನೆ, ನನ್ನ ಕಾಲು ಆಗಲೇ ಪೆಡಲನ್ನು ಪೂರ್ತಿ ಒತ್ತಿ ಹಿಡಿದಿದೆ! ಡಿಜಿಟಲ್ಲಿನಲ್ಲೇ ಕಣ್ಣುಬಿಟ್ಟವಳು, ಮೊದಲು ಸ್ವಿಚ್ಚು ಎಂದು ದಿನವೂ ಮಕ್ಕಳಿಗೆ ಹೇಳುವವಳು ನಾನು. ನಗು ಬಂತು, ಕಣ್ಣೂ ತುಂಬಿತು. ಕಾಲು ತೆಗೆದು ಸ್ವಿಚ್ಚು ಹಾಕಿದೆ. ಮತ್ತೆ ಪಾದ ಇಟ್ಟಾಗ ನನ್ನ ಕಾಲುಂಗುರ ಲೋಹಕ್ಕೆ ತಾಗಿ ‘ಟಿಕ್’ ಎಂದಿತು.

ಒಳಗಿದ್ದ ಮಗ ದಡಬಡಿಸಿ ಬಾಗಿಲಿಗೆ ಬಂದು ನಿಂತರು. ನಾನಿನ್ನೂ ಒಂದು ಸ್ವರವನ್ನೂ ನುಡಿಸಿರಲಿಲ್ಲ.