ಕಮಲಾ ಆಂಟಿಯ ಮೂಗು

ಕಣ್ಣು ಮುಚ್ಚಿಕೊಂಡು ನಾನು ಬರೆಯಬಲ್ಲ ಮೂಗು ಈ ಪ್ರಪಂಚದಲ್ಲಿ ಒಂದೇ. ಅದು ನನ್ನ ಗಂಡನದಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅದು ನಮ್ಮ ಕನ್ನಡದ ಒಬ್ಬ ಸಿನಿಮಾ ನಾಯಕನದು; ಅಭಿಮಾನಿಗಳ ಬಾಯಲ್ಲಿ ‘ಬಾಸ್’.

ಇಂಟರ್‌ನೆಟ್ಟಿನಲ್ಲಿ ಜನ ಗುಂಪು ಕಟ್ಟಿಕೊಂಡು ಹರಟಲು ಆಗಷ್ಟೇ ಶುರುಮಾಡಿದ್ದ ಕಾಲ. ದೆಹಲಿಯ ಮಯೂರ್ ವಿಹಾರದ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಕೂತು ವಾರವಿಡೀ ಬಾಸ್‌ನ ಚಿತ್ರ ಬರೆದು, ಆಫೀಸಿನ ಸ್ಕ್ಯಾನರಿನಲ್ಲಿ ಕದ್ದುಮುಚ್ಚಿ ಸ್ಕ್ಯಾನ್ ಮಾಡಿ, ಸೋಮವಾರ ಅಭಿಮಾನಿಗಳ ಗುಂಪಿಗೆ ಹಾಕುತ್ತಿದ್ದೆ. ‘ಸೂಪರ್ ಗುರು!’ ‘ಏನ್ ಕೈ ಗುರು ನಿಮ್ದು!’ ಎಂದು ಪುಟಗಟ್ಟಲೆ ಬರುತ್ತಿತ್ತು. ನಾನು ಹೆಣ್ಣೋ ಗಂಡೋ ಎಂದು ಮೂರು ವರ್ಷ ಯಾರೂ ಕೇಳಲಿಲ್ಲ. ಸುಳ್ಳೇಕೆ, ಹೊಗಳಿಕೆ ಸಿಗುವಾಗ ನನಗೂ ನನ್ನ ಹೆಸರು ನೆನಪಾಗಲಿಲ್ಲ.

ಒಮ್ಮೆ ಬಾಸ್‌ಗೆ ರಜೆ ಕೊಟ್ಟೆ. ಮೇಲಿನ ಮನೆಯ ಕಮಲಾ ಆಂಟಿ ಬಾಲ್ಕನಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಸಿ, ತರಕಾರಿ ಭಯ್ಯಾನ ಜೊತೆ ಕೊತ್ತಂಬರಿಗಾಗಿ ಜಗಳವಾಡುವುದನ್ನು ಬರೆದು ಹಾಕಿದೆ. ನನ್ನದೇ ಸ್ವಂತ ಚಿತ್ರ ಎಂಬ ಹೆಮ್ಮೆ ಬೇರೆ. ಬಂದದ್ದು ನಾಲ್ಕೇ ನಾಲ್ಕು ಉತ್ತರ. ಮೂರರಲ್ಲಿ ‘ಬಾಸ್ ಎಲ್ಲಿ?’ ನಾಲ್ಕನೆಯದು ದೆಹಲಿಯದೇ ಇನ್ನೊಂದು ಮೂಲೆ ದ್ವಾರಕಾದಲ್ಲಿದ್ದ ಮಂಜುನಾಥ ಎಂಬ ಅಭಿಮಾನಿಯದು: ‘ಗುರು, ಆಂಟಿ ಮೂಗು ನೋಡಿ, ನಮ್ ಬಾಸ್‌ದೇ! ಭಯ್ಯಾಂದೂ ಅದೇ!’

ಮೈ ಉರಿದುಹೋಯಿತು. ಆಮೇಲೆ ಕಾಗದ ತೆಗೆದು ನೋಡಿದೆ. ಆಂಟಿ, ಭಯ್ಯಾ, ಗೋಡೆಯ ಮೇಲಿನ ಬೆಕ್ಕು, ಎಲ್ಲರಿಗೂ ಅದೇ ಮೂಗು. ನಮ್ಮ ಹಳೆಯ ಕವಿಗಳೂ ನಾಯಕಿಯರಿಗೆಲ್ಲ ಒಂದೇ ಸಂಪಿಗೆಯ ಮೂಗು ಹಂಚಿದ್ದಾರಲ್ಲ ಎಂದು ಸಮಾಧಾನ ಹೇಳಿಕೊಂಡೆ. ಆದರೆ ಅವರು ಕೊತ್ತಂಬರಿ ಕೊಳ್ಳುವವರನ್ನು ಚಿತ್ರಿಸಲು ಹೊರಟವರಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು. ಅಭಿಮಾನಿಗಳನ್ನು ಬಿಟ್ಟುಬರಬಹುದು, ಈ ಕೈಯನ್ನು ಬಿಟ್ಟು ಎಲ್ಲಿಗೆ ಹೋಗಲಿ?

‘ಇನ್ನು ಬಾಸ್ ಚಿತ್ರ ಇಲ್ಲ. ನನ್ನದೇ ಪುಟ ತೆರೆದಿದ್ದೇನೆ, ಬರುವವರು ಬನ್ನಿ’ ಎಂದು ಗುಂಪಿನಲ್ಲಿ ಬರೆದೇಬಿಟ್ಟೆ. ಕೆಲವರು ಬೈದರು. ಬಹಳ ಮಂದಿ ಏನೂ ಹೇಳದೆ ಹೋದರು. ಅದಕ್ಕಿಂತ ಬೈಗುಳವೇ ವಾಸಿ ಎನಿಸಿತು. ನನ್ನ ಪುಟಕ್ಕೆ ಬಂದವರು ಏಳೆಂಟು ಜನ, ಮಂಜುನಾಥನೂ ಸೇರಿ.

ಪ್ರತಿ ಭಾನುವಾರ ಮೇಲಿನ ಮನೆಗೆ ಹೋಗಿ, ಆಂಟಿ ಬಟಾಣಿ ಸುಲಿಯುವಾಗ ಎದುರಿಗೆ ಕೂತು ಅವರ ಮೂಗನ್ನೇ ಬರೆದೆ. ‘ಮೇರೀ ನಾಕ್ ಮೇಂ ಐಸಾ ಕ್ಯಾ ಹೈ, ಬೇಟಾ?’ ಎಂದು ಅವರು ಮೂಗು ಮುಟ್ಟಿಕೊಳ್ಳುತ್ತಿದ್ದರು. ಅಂಥದ್ದೇನಿದೆ ಎನ್ನುವುದೇ ನನಗೂ ತಿಳಿಯಬೇಕಿತ್ತು. ಬರೆದದ್ದೆಲ್ಲ ಬಾಸ್ ಆಗುತ್ತಿತ್ತು. ಅಳಿಸಿ ಅಳಿಸಿ ರಬ್ಬರು ಸವೆಯಿತು. ಬಟಾಣಿಯ ಕಾಲ ಮುಗಿದು ಮಾವಿನಕಾಯಿ ಬರುವ ಹೊತ್ತಿಗೆ, ತುದಿಯಲ್ಲಿ ತುಸು ಎಡಕ್ಕೆ ವಾಲಿದ, ಕನ್ನಡಕ ಕೂತು ಕೂತು ನಡುವೆ ತಗ್ಗಾದ ಒಂದು ಮೂಗು ಕಾಗದದ ಮೇಲೆ ಬಂತು. ಆಂಟಿ ನೋಡಿ ‘ಥೋಡೀ ಛೋಟೀ ಕರ್ ದೋ’ ಎಂದರು, ಸ್ವಲ್ಪ ಚಿಕ್ಕದು ಮಾಡು ಅಂತ. ಕೂದಲೆಳೆಯಷ್ಟೂ ಮಾಡಲಿಲ್ಲ.

ಆ ಸೋಮವಾರ ಮಂಜುನಾಥ ಬರೆದ: ‘ಇದು ಬಾಸ್ ಅಲ್ಲ. ಯಾರು ಗುರು ಇವ್ರು?’

ಮೂರು ವರ್ಷ ಚಿತ್ರ ಬರೆದಿದ್ದರೂ ಇದು ಯಾರು ಎಂದು ಒಬ್ಬರೂ ನನ್ನನ್ನು ಕೇಳಿರಲಿಲ್ಲ. ಕೇಳುವ ಅಗತ್ಯವೇ ಬಂದಿರಲಿಲ್ಲ. ‘ಕಮಲಾ ಆಂಟಿ, ನಮ್ಮ ಮೇಲಿನ ಮನೆಯವರು’ ಎಂದು ಉತ್ತರಿಸಿದೆ. ಅದರ ಕೆಳಗೆ, ‘ಬರೆದವಳು ಶೈಲಜಾ’ ಎಂದೂ ಸೇರಿಸಿದೆ.