ನೂರ ಎಂಬತ್ತಮೂರನೆಯ ದಿನ

ಲಾಂಬ್ರೋಸ್ ನನ್ನ ದೊಡ್ಡಪ್ಪನ ಮಗ. ನಲವತ್ತು ವರ್ಷ ನ್ಯೂಯಾರ್ಕಿನ ಅಸ್ಟೋರಿಯಾದಲ್ಲಿ ಬಾಯ್ಲರ್ ರಿಪೇರಿ ಕಂಪನಿ ನಡೆಸಿದವನು. ವಯಸ್ಸಾಯಿತು, ಮಾರಲು ಹೊರಟ. ನಮ್ಮ ಬೀದಿಯ ಅರ್ಧ ಜನ ಆಗಲೇ ಫ್ಲಾರಿಡಾ ಸೇರಿಯಾಗಿತ್ತು. ಅಲ್ಲಿ ರಾಜ್ಯಕ್ಕೆ ಆದಾಯ ತೆರಿಗೆ ಕಟ್ಟಬೇಕಿಲ್ಲ. ಇವನೂ ಟಾರ್ಪನ್ ಸ್ಪ್ರಿಂಗ್ಸ್‌ನಲ್ಲಿ ಮನೆ ಮಾಡಿದ. ಅಲ್ಲೂ ನಮ್ಮ ಗ್ರೀಕರೇ, ನಮ್ಮ ಚರ್ಚೇ.

ಆದರೆ ಇಲ್ಲಿನ ಮನೆಯ ಮಹಡಿ ಬಿಡಲು ಮನಸ್ಸಾಗಲಿಲ್ಲ. ಕೆಳಗೆ ಇವನ ಅಕ್ಕ ಇವಾಂಥಿಯಾ ಒಬ್ಬಳೇ. ತಾಯಿ ಸತ್ತ ಮೇಲೆ ಮದುವೆಯೂ ಆಗದೆ ಇವನನ್ನು ಸಾಕಿದವಳು. ಆಡಿಟರ್ ಎಚ್ಚರಿಸಿದ್ದ: "ಇಲ್ಲಿ ನಿಮಗೊಂದು ಹಾಸಿಗೆ ಇರೋವರೆಗೂ ವರ್ಷಕ್ಕೆ ನೂರ ಎಂಬತ್ತಮೂರೇ ದಿನ ನ್ಯೂಯಾರ್ಕಿಗೆ ಕಾಲಿಡಬಹುದು. ಹತ್ತು ನಿಮಿಷ ಬಂದರೂ ಒಂದು ದಿನವೇ. ಮೀರಿದರೆ ಕಂಪನಿ ಮಾರಿದ ದುಡ್ಡಿಗೆಲ್ಲ ನ್ಯೂಯಾರ್ಕಿಗೆ ತೆರಿಗೆ ಕಟ್ಟಬೇಕು."

ಡಿಸೆಂಬರಿನಲ್ಲಿ ಅಕ್ಕ ಆಸ್ಪತ್ರೆ ಸೇರಿದಳು. ಅಷ್ಟರಲ್ಲಿ ನೂರ ಎಂಬತ್ತೆರಡು ಮುಗಿದಿತ್ತು. ಇವನು ಫ್ಲಾರಿಡಾದಿಂದ ಓಡೋಡಿ ಬಂದ, ಬಂದು ನದಿಯಾಚೆ ನ್ಯೂಜೆರ್ಸಿಯ ಹೋಟೆಲಿನಲ್ಲಿ ಕೂತ; ಅದು ಬೇರೆ ರಾಜ್ಯ, ದಿನದ ಲೆಕ್ಕಕ್ಕೆ ಬರುವುದಿಲ್ಲ. ದಿನಾ ನನಗೆ ಫೋನು.

"ಫ್ರೋಸೊ, ಡಾಕ್ಟರು ಏನಂದ್ರು?"

"ಇವತ್ತೋ ನಾಳೆಯೋ ಅಂತಾರೆ. ಬಾರೋ ಅಣ್ಣ."

"ಇವತ್ತು ಬಂದ್ರೆ ಮಣ್ಣಿಗೆ ಹೇಗೆ ಬರಲಿ? ಒಂದೇ ದಿನ ಉಳಿದಿರೋದು ಕಣೆ."

"ಸತ್ತ ಮೇಲೆ ಅವಳಿಗೆ ನಿನ್ನ ಮುಖ ಕಾಣುತ್ತಾ? ತಲೆ ಕೆಟ್ಟಿದೆ ನಿಂಗೆ."

"ಸಾಕಿದ ತಮ್ಮ ಮಣ್ಣಿಗೂ ಬರಲಿಲ್ಲ ಅಂತ ಜನ ಆಡ್ಕೊಳ್ಳಲ್ವಾ? ಅವಳ ಮರ್ಯಾದೆ ಏನಾಗ್ಬೇಕು?"

ಮೈಯೆಲ್ಲ ಉರಿದುಹೋಯಿತು ನನಗೆ. ಕೆಟ್ಟವನಾಗಿದ್ದರೆ ನಾಲ್ಕು ಬೈದು ಸುಮ್ಮನಾಗುತ್ತಿದ್ದೆ. ಹೋಟೆಲಿನಲ್ಲಿ ಕೂತು ಅಳುತ್ತಿದ್ದ, ಅದು ಫೋನಿನಲ್ಲೇ ಕೇಳುತ್ತಿತ್ತು. ಹೀಗೇ ಆರು ದಿನ ಕಳೆಯಿತು. ಏಳನೆಯ ದಿನ ಬೆಳಿಗ್ಗೆ ಅಕ್ಕ ಹೋದಳು.

ಮಣ್ಣಿಗೆ ಬಂದ. ಅಕ್ಕನ ಹಣೆಗೆ ಮುತ್ತಿಟ್ಟ. ಸಾವಿನೂಟಕ್ಕೆ ಎಲ್ಲರೂ ಕೂತ ಮೇಲೆ, ನಮ್ಮ ಪದ್ಧತಿಯಂತೆ ಮೀನು ಬಡಿಸುವಾಗ ನನ್ನನ್ನು ಪಕ್ಕಕ್ಕೆ ಕರೆದ.

"ನನ್ನ ಕೇಳಿದ್ಲಾ?"

ಇಲ್ಲ ಅನ್ನಬಹುದಿತ್ತು. ನನ್ನ ಸಿಟ್ಟು ಬಿಡಬೇಕಲ್ಲ.

"ದಿನಾ ಕೇಳಿದ್ಲು. ಕಾರು ನಿಲ್ಲಿಸೋಕೆ ಜಾಗ ಹುಡುಕ್ತಿದ್ದಾನೆ, ಈಗ ಬಂದ ಅಂತಿದ್ದೆ. ಅಸ್ಟೋರಿಯಾದಲ್ಲಿ ಜಾಗ ಎಲ್ಲಿ ಸಿಗುತ್ತೆ, ನಂಬಿದ್ಲು. 'ಪಾಪ, ಊಟ ಆಯ್ತೋ ಇಲ್ವೋ ಅವನಿಗೆ' ಅಂತಿದ್ಲು."

ಮರುದಿನ ಮಧ್ಯಾಹ್ನ ನಾನು ಪಾತ್ರೆ ತೊಳೆಯಲು ಹೋದಾಗ ಅಣ್ಣ ಅಕ್ಕನ ಅಡುಗೆಮನೆಯಲ್ಲಿ ಕೂತಿದ್ದ.

"ಅಣ್ಣ, ಇವತ್ತಿಗೆ ನೂರ ಎಂಬತ್ತನಾಲ್ಕು."

"ಗೊತ್ತು ಕಣೆ," ಅಂದ. ಎದ್ದೇಳಲಿಲ್ಲ.